ಮುಚ್ಚಳದ ತಪ್ಪೇನು?

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ಬೇಸಿಗೆಯಲ್ಲಿ ಅಲ್ಲಾಳಸಂದ್ರದ ಯಾವುದೋ ಮನೆಯ ತಾರಸಿ ಕೆಳಗಿನ ಕೋಣೆಯಲ್ಲಿ ಗೇಮಿಂಗ್‌ಗೋ ವಿಡಿಯೊ ಎಡಿಟಿಂಗ್‌ಗೋ ಕಂಪ್ಯೂಟರ್ ಓಡುತ್ತಿದ್ದು, ಪ್ರೊಸೆಸರ್ 90 ಡಿಗ್ರಿ ತೋರಿಸಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಆಗ ಸಿಗುವ ಸಲಹೆಗಳಲ್ಲಿ ಒಂದು 'ಡೀಲಿಡ್'. ಪ್ರೊಸೆಸರ್ ಮೇಲಿರುವ, ನಿಕ್ಕಲ್ ಲೇಪಿಸಿದ ತಾಮ್ರದ ಮುಚ್ಚಳವನ್ನು ಕಿತ್ತು, ಒಳಗಿನ ಪೇಸ್ಟ್ ಬದಲಿಸುವುದು, ಇಲ್ಲವೇ ಕೂಲರನ್ನೇ ನೇರವಾಗಿ ಚಿಪ್ಪಿನ ಮೇಲೆ ಕೂರಿಸುವುದು. ಶಾಖ ಇಳಿಯುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ಇಳಿದ ಆ ಡಿಗ್ರಿಗಳಿಂದ ಏನು ಸಿಕ್ಕಿತು, ಅದಕ್ಕೆ ಏನನ್ನು ಪಣಕ್ಕಿಟ್ಟೆವು ಎಂದು ಕೇಳಿಕೊಂಡರೆ ಬಹುಪಾಲು ಮನೆಗಳಿಗೆ ಇದು ನಷ್ಟದ ವ್ಯಾಪಾರ.

ಸ್ವಲ್ಪ ಲೆಕ್ಕ ಹಾಕೋಣ. 150 ಚದರ ಮಿಲಿಮೀಟರ್ ಸಿಲಿಕಾನ್ ತುಣುಕಿನಿಂದ 150 ವಾಟ್ ಶಾಖ ಹೊರಬೀಳುತ್ತಿದೆ ಎಂದಿಟ್ಟುಕೊಳ್ಳಿ. 3 ಮಿ.ಮೀ. ದಪ್ಪದ ತಾಮ್ರವನ್ನು ದಾಟಲು ಅದಕ್ಕೆ ಹೆಚ್ಚೆಂದರೆ ಏಳೆಂಟು ಡಿಗ್ರಿಯ ಅಂತರ ಬೇಕು. ಅದೇ, ತುಣುಕಿಗೂ ಮುಚ್ಚಳಕ್ಕೂ ನಡುವೆ 0.1 ಮಿ.ಮೀ. ಸಾಧಾರಣ ಪೇಸ್ಟ್ ಇದ್ದರೆ ಅದೊಂದೇ ಇಪ್ಪತ್ತು ಡಿಗ್ರಿ ನುಂಗುತ್ತದೆ. ಅಂದರೆ ಕಳ್ಳ ಮುಚ್ಚಳವಲ್ಲ, ಅದರಡಿಯ ಪೇಸ್ಟ್. 2012ರಲ್ಲಿ ಇಂಟೆಲ್ ತನ್ನ ಐವಿ ಬ್ರಿಡ್ಜ್ ಚಿಪ್ಪುಗಳಲ್ಲಿ ಬೆಸುಗೆ ಬಿಟ್ಟು ಪೇಸ್ಟ್ ಹಚ್ಚಿದಾಗಲೇ ಈ ಹುಚ್ಚು ಹಬ್ಬಿದ್ದು. 2018ರ ಒಂಬತ್ತನೇ ತಲೆಮಾರಿನಲ್ಲಿ ಕಂಪನಿ ತನ್ನ ದುಬಾರಿ ಮಾದರಿಗಳಿಗೆ ಬೆಸುಗೆಯನ್ನು ಮರಳಿ ತಂದಿತು. ಇಂಡಿಯಂ ಬೆಸುಗೆ ಸಾಧಾರಣ ಪೇಸ್ಟಿಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಬೆಸೆದ ಚಿಪ್ಪನ್ನು ಬಿಚ್ಚಿ, ಹೊಸದೇನನ್ನೋ ಹಚ್ಚಿ ಅದೇ ಮುಚ್ಚಳ ಮುಚ್ಚಿದರೆ ದಕ್ಕುವುದು ಅಲ್ಪ.

ಇದಕ್ಕೆ ಎದುರಾಗಿ ಒಂದು ಗಟ್ಟಿ ಉದಾಹರಣೆ ಇದೆ. 2022ರಲ್ಲಿ ಬಂದ ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಪ್ರೊಸೆಸರುಗಳಿಗೆ ಬೆಸುಗೆಯೇ ಇತ್ತು. ಆದರೂ 'ಡೆರ್‌ಬಾವರ್' ಎಂದು ಹೆಸರಾದ ಜರ್ಮನಿಯ ತಜ್ಞ ರೋಮನ್ ಹಾರ್ಟುಂಗ್ ಮುಚ್ಚಳ ಕಿತ್ತು ನೇರವಾಗಿ ತಂಪು ಮಾಡಿದಾಗ ಸುಮಾರು 20 ಡಿಗ್ರಿ ಇಳಿಯಿತು. ಹಳೆಯ ಕೂಲರುಗಳು ಹೊಂದಲೆಂದು ಎಎಂಡಿ ಆ ಮುಚ್ಚಳವನ್ನು ದಪ್ಪ ಮಾಡಿತ್ತು. ಒಪ್ಪೋಣ. ಆದರೆ ಪೂರ್ತಿ ಕೆಲಸ ಕೊಟ್ಟಾಗ 95 ಡಿಗ್ರಿಯವರೆಗೆ ಏರಿ ಅಲ್ಲೇ ನಿಲ್ಲುವಂತೆ ಆ ಚಿಪ್ಪುಗಳನ್ನು ರೂಪಿಸಿದ್ದೂ ಅದೇ ಕಂಪನಿ. ಪರದೆಯ ಮೇಲಿನ ಅಂಕಿ ಇಪ್ಪತ್ತು ಇಳಿದರೆ ಕೆಲಸದ ವೇಗ ಅದೇ ಪ್ರಮಾಣದಲ್ಲಿ ಏರುವುದಿಲ್ಲ.

ಇನ್ನು ಪಣದ ಮಾತು. 2000ದ ಹೊತ್ತಿಗೆ ಎಎಂಡಿಯ ಅಥ್ಲಾನ್ ಚಿಪ್ಪುಗಳು ಮುಚ್ಚಳವಿಲ್ಲದೆ ಬರುತ್ತಿದ್ದವು. ಹೀಟ್‌ಸಿಂಕ್ ಕೂರಿಸುವಾಗ ಕೈ ಓರೆಯಾದರೆ ಸಿಲಿಕಾನಿನ ಮೂಲೆ ಬಿಸ್ಕತ್ತಿನಂತೆ ಮುರಿಯುತ್ತಿತ್ತು. ಮುಚ್ಚಳ ಶಾಖವನ್ನು ಹರಡಿದಷ್ಟೇ ಒತ್ತಡವನ್ನೂ ಹರಡುತ್ತದೆ. ಲ್ಯಾಪ್‌ಟಾಪುಗಳಲ್ಲಿ ಇಂದಿಗೂ ಬರಿಯ ಚಿಪ್ಪೇ ಇರುತ್ತದಲ್ಲ ಎನ್ನಬಹುದು. ಇರುತ್ತದೆ, ಅಲ್ಲಿ ಸ್ಕ್ರೂ, ಸ್ಪ್ರಿಂಗ್, ಎತ್ತರ ಎಲ್ಲವನ್ನೂ ಆ ಬರಿಯ ಚಿಪ್ಪಿಗೆಂದೇ ಅಳೆದಿರುತ್ತಾರೆ. ಡೆಸ್ಕ್‌ಟಾಪ್ ಇಂಟೆಲ್ ಸಾಕೆಟ್ಟಿನ ಚೌಕಟ್ಟಾದರೋ ಮುಚ್ಚಳದ ಅಂಚನ್ನೇ ಒತ್ತಿ ಚಿಪ್ಪನ್ನು ಪಿನ್ನುಗಳ ಮೇಲೆ ಹಿಡಿದಿಡುತ್ತದೆ. ಮುಚ್ಚಳ ಹೋದರೆ ಆ ಹಿಡಿತವೂ ಹೋಯಿತು. ಬೇರೆ ಚೌಕಟ್ಟು ತರಬೇಕು.

ಬ್ಲೇಡ್ ಆಡಿಸುವ ಕಾಲ ಹೋಯಿತು, ಈಗ ಅದಕ್ಕೆಂದೇ ಉಪಕರಣ ಸಿಗುತ್ತದೆ ಎಂಬುದು ನಿಜವೇ. ಬ್ಲೇಡ್ ತುದಿ ತಗುಲಿ ಪಕ್ಕದ ಕೆಪಾಸಿಟರ್ ಹಾರಿಹೋಗುವ ಭಯ ಅದರಿಂದ ತಗ್ಗಿದೆ. ಆದರೆ 156 ಡಿಗ್ರಿಗೆ ಕರಗುವ ಇಂಡಿಯಂ ಬೆಸುಗೆಯನ್ನು ಬಲವಂತವಾಗಿ ಜಾರಿಸುವಾಗ ಸಿಲಿಕಾನ್ ಬಿರುಕು ಬಿಡುವ ಸಾಧ್ಯತೆ ಉಳಿದೇ ಇದೆ. ಆಮೇಲೆ ಹಚ್ಚುವ ಲಿಕ್ವಿಡ್ ಮೆಟಲ್ ವಿದ್ಯುತ್ತನ್ನೂ ಹರಿಸುತ್ತದೆ. ಒಂದು ಹನಿ ಬದಿಗೆ ಜಾರಿದರೆ ಶಾರ್ಟ್ ಆಗಿ ಮದರ್‌ಬೋರ್ಡೂ ಹೋದೀತು. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ತಿಂದುಹಾಕುತ್ತದೆ. ಇಷ್ಟಾದ ಮೇಲೆ ವಾರಂಟಿಯ ಮಾತೇ ಎತ್ತುವಂತಿಲ್ಲ.

ಅಲ್ಲದೆ ಎಂಥ ಫ್ಯಾನಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಚಿಪ್ಪನ್ನು ಇಡಲಾರದು. ಬೆಂಗಳೂರಿನ ಬಳ್ಳಾರಿ ರಸ್ತೆಯ ಆಸುಪಾಸಿನ ಕಟ್ಟಡ ಕೆಲಸದ ದೂಳು ಹೀಟ್‌ಸಿಂಕಿನ ಸಂದಿಗಳಲ್ಲಿ ಪದರವಾಗಿ ಕೂತಿದ್ದರೆ ಮುಚ್ಚಳ ಕಿತ್ತವರ ಕಂಪ್ಯೂಟರೂ ಬೇಯುತ್ತದೆ. ದೂಳು ತೆಗೆಯಲು ಒಂದು ಬ್ರಷ್ ಸಾಕು, ಕೂಲರಿನಡಿಯ ಪೇಸ್ಟ್ ಬದಲಿಸಲು ಕೆಲವು ನೂರು ರೂಪಾಯಿ. ಬಯಾಸ್‌ಗೆ ಹೋಗಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು ತುಸು ತಗ್ಗಿಸಿದರೆ ವೇಗ ಕೊಂಚ ಕುಂದಿ ಶಾಖ ಬಹಳ ಇಳಿಯುತ್ತದೆ. ಅದು ಹಿಡಿಸದಿದ್ದರೆ ಮರುದಿನವೇ ಹಳೆಯ ಅಂಕಿಯನ್ನು ಮತ್ತೆ ಬರೆದುಕೊಳ್ಳಬಹುದು.