ಕಡಲೊಳಗೆ ಕ್ಯಾಮರಾ

1893ರಲ್ಲಿ ಲೂಯಿ ಬೂತಾನ್ ಎಂಬ ಫ್ರೆಂಚ್ ಪ್ರಾಣಿಶಾಸ್ತ್ರಜ್ಞನು ಮೆಡಿಟರೇನಿಯನ್ ಸಮುದ್ರತೀರದ ಬಾನ್ಯುಲ್ಸ್ ಎಂಬಲ್ಲಿ ಕ್ಯಾಮರಾವೊಂದನ್ನು ನೀರಿಗಿಳಿಸಿ ಚಿತ್ರಗಳನ್ನು ತೆಗೆದನು. ಅವನ ಸಹೋದರನ ನೆರವಿನಿಂದ ಅದಕ್ಕೆ ನೀರು ನುಗ್ಗದ ಪೆಟ್ಟಿಗೆಯೊಂದು ಸಿದ್ಧವಾಗಿತ್ತು. 1963ರಲ್ಲಿ ಜಪಾನಿನ ನಿಕಾನ್ ಸಂಸ್ಥೆಯು ಪ್ರತ್ಯೇಕ ಪೆಟ್ಟಿಗೆಯೇ ಬೇಡದ ‘ನಿಕೋನಾಸ್’ ಕ್ಯಾಮರಾವನ್ನು ಹೊರತಂದಿತು. 2001ರಲ್ಲಿ ಆ ಸಾಲಿನ ತಯಾರಿಕೆ ನಿಂತಿತು. ಇಂದು ಅಂಗೈಯಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮರಾವನ್ನು, ‘ಹೌಸಿಂಗ್’ ಎಂಬ ಕವಚದಲ್ಲಿ ಇರಿಸಿಕೊಂಡು ಸ್ಕೂಬಾ ಮುಳುಗುಗಾರರು ಕಡಲಿಗೆ ಇಳಿಯುತ್ತಾರೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತಲೂ ಈ ನೋಟವನ್ನು ಕಾಣಬಹುದು.

ಇಂತಹ ಕ್ಯಾಮರಾವನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, ‘ಎಷ್ಟು ಮೆಗಾಪಿಕ್ಸೆಲ್?’ ಎಂಬುದು. ನೀರಿನೊಳಗೆ ಈ ಪ್ರಶ್ನೆಗೆ ಹೆಚ್ಚಿನ ಬೆಲೆಯಿಲ್ಲ. ಯಾವ ಕ್ಯಾಮರಾ ತಕ್ಕುದೆಂಬುದನ್ನು ನಿರ್ಣಯಿಸುವುದು ನೀರಿನ ಗುಣಗಳೇ ಹೊರತು ಅಂಗಡಿಯ ಜಾಹೀರಾತಲ್ಲ. ಆದುದರಿಂದ ನಾವು ಮೊದಲು ನೀರಿನ ಗುಣಗಳನ್ನು ವಿಚಾರಿಸೋಣ.

ಬಣ್ಣಗಳ ಕಳವು

ಸೂರ್ಯನ ಬೆಳಕಿನ ಎಲ್ಲ ಬಣ್ಣಗಳನ್ನೂ ನೀರು ಸಮನಾಗಿ ಹಾಯಗೊಡುವುದಿಲ್ಲ. ಮೊದಲು ಹೀರಲ್ಪಡುವುದು ಕೆಂಪು. ಐದಾರು ಮೀಟರು ಇಳಿಯುವಷ್ಟರಲ್ಲಿ ಅದು ಬಹುಮಟ್ಟಿಗೆ ಮಾಯವಾಗುತ್ತದೆ. ಅನಂತರ ಕಿತ್ತಳೆ, ಆಮೇಲೆ ಹಳದಿ. ಆಳದಲ್ಲಿ ಉಳಿಯುವುದು ನೀಲಿ ಮತ್ತು ಹಸಿರು ಮಾತ್ರ. ಅಲ್ಲಿ ಕೆಂಪು ಮೀನು ಬೂದುಬಣ್ಣದ್ದಾಗಿ ತೋರುತ್ತದೆ. ಈ ಹೀರಿಕೆ ಆಳಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಮೀನಿನಿಂದ ಕ್ಯಾಮರಾವರೆಗಿನ ಅಡ್ಡದಾರಿಯಲ್ಲಿಯೂ ಬೆಳಕು ತೆರಿಗೆ ತೆರಬೇಕಾಗುತ್ತದೆ.

ಇದರಿಂದ ಎರಡು ನಿಯಮಗಳು ಹೊರಡುತ್ತವೆ. ಮೊದಲನೆಯದು, ವಸ್ತುವಿಗೆ ಆದಷ್ಟು ಸಮೀಪ, ಸಾಧ್ಯವಾದರೆ ಒಂದು ಮೀಟರಿನೊಳಗೆ, ಹೋಗಿ ಚಿತ್ರ ತೆಗೆಯಬೇಕು. ಎರಡನೆಯದು, ಕ್ಯಾಮರಾದಲ್ಲಿ ‘ವೈಟ್ ಬ್ಯಾಲೆನ್ಸ್’ ಅನ್ನು ಕೈಯಾರೆ ಹೊಂದಿಸುವ ಸೌಕರ್ಯವಿರಬೇಕು. ಆಳದಲ್ಲಿ ಬಿಳಿಯ ಹಲಗೆಯೊಂದನ್ನು ಅದಕ್ಕೆ ತೋರಿಸಿ, ‘ಇದು ಬಿಳಿ’ ಎಂದು ತಿಳಿಸಿಕೊಟ್ಟರೆ, ಉಳಿದ ಬಣ್ಣಗಳನ್ನು ಅದು ತಕ್ಕಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಸೆನ್ಸರಿಗೆ ಬಿದ್ದ ಬೆಳಕಿನ ವಿವರವನ್ನು ಹೆಚ್ಚು ತಿದ್ದದೆ ಕೂಡಿಡುವ ‘ರಾ’ ಕಡತದ ಸೌಕರ್ಯವೂ ಇದ್ದರೆ, ದಡಕ್ಕೆ ಬಂದ ಮೇಲೆ ಬಣ್ಣವನ್ನು ತಿದ್ದುವುದು ಸುಲಭ. ಆದರೆ ಆಳದಲ್ಲಿ ಪೂರ್ತಿಯಾಗಿ ಕಳೆದುಹೋದ ಕೆಂಪನ್ನು ಯಾವ ತಿದ್ದುಪಡಿಯೂ ಮರಳಿ ತರಲಾರದು. ಅದಕ್ಕೆ ಬೆಳಕನ್ನು ನಾವೇ ಜೊತೆಯಲ್ಲಿ ಒಯ್ಯಬೇಕು.

ಕ್ಯಾಮರಾದಲ್ಲಿಯೇ ಇರುವ ಪುಟ್ಟ ಫ್ಲ್ಯಾಶ್ ಸಾಲದೇ ಎಂದು ಓದುಗರು ಕೇಳಬಹುದು. ಮಂಜು ಕವಿದ ಘಟ್ಟದ ರಸ್ತೆಯಲ್ಲಿ ಮೋಟಾರಿನ ದೀಪವನ್ನು ಪ್ರಖರಗೊಳಿಸಿದರೆ ಎದುರಿಗೆ ಬಿಳಿಯ ಗೋಡೆ ಎದ್ದಂತಾಗುವುದನ್ನು ನಾವು ಕಂಡಿದ್ದೇವೆ. ನೀರಿನಲ್ಲಿ ತೇಲುವ ಕಣಗಳೂ ಹಾಗೆಯೇ ಮಸೂರದ ಪಕ್ಕದ ಬೆಳಕನ್ನು ನೇರವಾಗಿ ಹಿಂದಿರುಗಿಸುತ್ತವೆ. ಚಿತ್ರದ ತುಂಬ ಬಿಳಿಯ ಚುಕ್ಕೆಗಳು ಮೂಡುತ್ತವೆ. ಉದ್ದನೆಯ ತೋಳಿನ ತುದಿಯಲ್ಲಿ ಪ್ರತ್ಯೇಕ ಫ್ಲ್ಯಾಶನ್ನು ಜೋಡಿಸಿ, ಓರೆಯಾಗಿ ಬೆಳಕು ಬೀರಿದರೆ ಈ ದೋಷ ಬಹಳ ಕಡಿಮೆಯಾಗುತ್ತದೆ. ಆದುದರಿಂದ ಇಂದೇ ಕೊಳ್ಳದಿದ್ದರೂ, ಮುಂದೆ ಇಂತಹ ಫ್ಲ್ಯಾಶನ್ನು ಜೋಡಿಸಲು ಕವಚದಲ್ಲಿ ಅವಕಾಶವಿದೆಯೇ ಎಂದು ನೋಡತಕ್ಕದ್ದು.

ಬಾಗುವ ಕಿರಣ

ನೀರಿನ ವಕ್ರೀಭವನಾಂಕ ಸುಮಾರು 1.33. ಕವಚದ ಚಪ್ಪಟೆ ಗಾಜಿನ ಕಿಟಕಿಯನ್ನು ಹಾಯ್ದು ಗಾಳಿಗೆ ಬರುವಾಗ ಕಿರಣಗಳು ಬಾಗುವುದರಿಂದ, 4 ಮೀಟರು ದೂರದ ಮೀನು 3 ಮೀಟರಿನಲ್ಲಿ ಇರುವಂತೆ ತೋರುತ್ತದೆ. ನೋಟದ ಹರವೂ ಕುಗ್ಗುತ್ತದೆ. ದಡದ ಮೇಲೆ 84 ಡಿಗ್ರಿ ಕಾಣುವ ವಿಶಾಲಕೋನ ಮಸೂರವು ನೀರಿನಲ್ಲಿ ಸುಮಾರು 60 ಡಿಗ್ರಿಯನ್ನು ಮಾತ್ರ ಕಾಣುತ್ತದೆ. ಹವಳದ ಬಂಡೆಯನ್ನು ಪೂರ್ತಿ ಹಿಡಿಯಬೇಕೆಂದು ಹಿಂದೆ ಸರಿದರೆ, ನಡುವೆ ನೀರು ಹೆಚ್ಚಿ ಬಣ್ಣ ಕೆಡುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು, ನೀರಿನೊಳಗೇ ಕವಚದ ಮುಂದೆ ತೊಡಿಸಿ ತೆಗೆಯಬಹುದಾದ ಹೆಚ್ಚುವರಿ ಮಸೂರಗಳಿವೆ. ಅವನ್ನು ಹಿಡಿಸಲು ತಕ್ಕ ತಿರುಪು ಕವಚದಲ್ಲಿರುವುದು ಲೇಸು.

ಯಾವ ಕ್ಯಾಮರಾ?

ಇಲ್ಲಿ ಸೆನ್ಸರಿನ ಗಾತ್ರದ ವಿಚಾರ ಬರುತ್ತದೆ. ‘ಒಂದು ಅಂಗುಲದ್ದು’ ಎಂದು ಕರೆಯುವ ಸೆನ್ಸರು ವಾಸ್ತವವಾಗಿ 13.2 ಮಿಲಿಮೀಟರು ಉದ್ದ, 8.8 ಮಿಲಿಮೀಟರು ಅಗಲವಿರುತ್ತದೆ. ಸಣ್ಣ ಕ್ಯಾಮರಾಗಳ ಸೆನ್ಸರು ಸುಮಾರು 6.2 ಮತ್ತು 4.6 ಮಿಲಿಮೀಟರು. ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು ಅಂತರ! ಮಂದಬೆಳಕಿನಲ್ಲಿ ದೊಡ್ಡದು ಮೇಲುಗೈ ಎಂಬುದು ಸ್ಪಷ್ಟ. ಆದರೆ ಚಿಕ್ಕದಕ್ಕೂ ಅದರದೇ ಆದ ಗುಣವಿದೆ. 2023ರಲ್ಲಿ ಹೊರಬಂದ ‘ಟಿಜಿ-7’ರಂತಹ ಗಟ್ಟಿಮುಟ್ಟಾದ ಕ್ಯಾಮರಾ, ಮಸೂರದಿಂದ ಒಂದೇ ಸೆಂಟಿಮೀಟರು ದೂರದ ವಸ್ತುವನ್ನೂ ಸ್ಫುಟವಾಗಿ ಹಿಡಿಯಬಲ್ಲುದು. ಬೆರಳಿನ ಉಗುರಿನಷ್ಟು ಸೀಗಡಿಯ ಚಿತ್ರ ಬೇಕಾದವರಿಗೆ ಇದೇ ಮೇಲು. ಅದು ಬರಿಮೈಯಲ್ಲಿ 15 ಮೀಟರು, ತಕ್ಕ ಕವಚದಲ್ಲಿ 45 ಮೀಟರು ಆಳವನ್ನು ತಾಳುತ್ತದೆ. ಹವ್ಯಾಸಿ ಮುಳುಗುಗಾರರ ಮಿತಿ ಸಾಮಾನ್ಯವಾಗಿ 40 ಮೀಟರು. ಹೊಸಬರಿಗೆ 18 ಮೀಟರು. ಬರಿಮೈಯ ಮಿತಿಯ ಅಂಚಿಗೆ ಹೋಗುವುದಕ್ಕಿಂತ ಕವಚವನ್ನು ನಂಬುವುದೇ ಜಾಣತನ.

ಒತ್ತಡ ಮತ್ತು ಕವಚ

ಪ್ರತಿ 10 ಮೀಟರಿಗೂ ನೀರಿನ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 30 ಮೀಟರು ಆಳದಲ್ಲಿ, 15 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲದ ಕವಚದ ಬಾಗಿಲಿನ ಮೇಲೆ ಬೀಳುವ ಹೆಚ್ಚಿನ ಭಾರ ಸುಮಾರು 450 ಕಿಲೋಗ್ರಾಮು. ಎಂದರೆ ಬೆಳೆದ ಎಮ್ಮೆಯೊಂದರ ತೂಕದಷ್ಟು! ಪಾಲಿಕಾರ್ಬನೇಟ್ ಕವಚವು ಹಗುರ, ಅಗ್ಗ. ಪಾರದರ್ಶಕವಾದುದಾದರೆ ಒಳಗೆ ನೀರು ಸೇರಿದ್ದು ಕಣ್ಣಿಗೆ ಬೀಳುತ್ತದೆ. ಅಲ್ಯುಮಿನಿಯಂ ಕವಚವು ಹೆಚ್ಚು ಬಲವಾದದ್ದು, ಬೆಲೆಯೂ ಹೆಚ್ಚು. ಸಾಮಾನ್ಯವಾಗಿ ಕವಚವನ್ನು ಒಂದು ನಿರ್ದಿಷ್ಟ ಮಾದರಿಯ ಕ್ಯಾಮರಾಕ್ಕೆ ಅಳತೆ ಮಾಡಿ ರಚಿಸಿರುತ್ತಾರೆ. ಆದುದರಿಂದ ಕ್ಯಾಮರಾವನ್ನು ಮೊದಲು ಕೊಂಡು ಕವಚವನ್ನು ಆಮೇಲೆ ಹುಡುಕುವುದು ಸಲ್ಲದು; ಎರಡನ್ನೂ ಒಟ್ಟಿಗೆ ಆರಿಸಬೇಕು. ಸ್ಪರ್ಶದ ಪರದೆ ಕವಚದೊಳಗೆ ಕೆಲಸಕ್ಕೆ ಬಾರದು. ಬೇಕಾದ ಎಲ್ಲ ಗುಂಡಿಗಳೂ ಹೊರಗಿನಿಂದ ಒತ್ತುವಂತಿರಬೇಕು.

ಕವಚದ ಪ್ರಾಣವಿರುವುದು ‘ಓ-ರಿಂಗ್’ ಎಂಬ ತೆಳುವಾದ ಬಳೆಯಲ್ಲಿ. ಆಳಕ್ಕೆ ಹೋದಂತೆ ಒತ್ತಡವೇ ಅದನ್ನು ಬಿಗಿಯಾಗಿ ಅಮುಕುತ್ತದೆ. ಆದುದರಿಂದ ನೀರಿಗಿಳಿದ ಮೊದಲ ಕೆಲವು ಮೀಟರುಗಳಲ್ಲಿಯೂ ಎಚ್ಚರ ಬೇಕು. ಒಂದು ತಲೆಗೂದಲು, ಒಂದು ಮರಳಿನ ಕಣ ಅಲ್ಲಿ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ. ಪ್ರತಿ ಸಲವೂ ಬಳೆಯನ್ನು ಒರೆಸಿ, ಬೆಳಕಿಗೆ ಹಿಡಿದು ನೋಡಿ, ತಯಾರಕರು ಹೇಳಿದ ಗ್ರೀಸನ್ನು ತೆಳುವಾಗಿ ಸವರಬೇಕು. ಕರಾವಳಿಯ ತೇವದ ಗಾಳಿಯನ್ನು ಒಳಗೆ ಮುಚ್ಚಿದರೆ, ತಂಪಾದ ನೀರಿನಲ್ಲಿ ಕಿಟಕಿಗೆ ಮಂಜು ಕವಿಯುತ್ತದೆ. ಸಿಲಿಕಾ ಜೆಲ್ಲಿನ ಪುಟ್ಟ ಚೀಲವೊಂದು ಇದಕ್ಕೆ ಮದ್ದು. ಹೊಸ ಕವಚವನ್ನು ಕ್ಯಾಮರಾ ಇಲ್ಲದೆ, ಒಣ ಕಾಗದವೊಂದನ್ನು ಒಳಗಿಟ್ಟು, ಮೊದಲು ನೀರಿಗಿಳಿಸಿ ಪರೀಕ್ಷಿಸತಕ್ಕದ್ದು. ಕಾಗದ ಒದ್ದೆಯಾದರೆ ನಷ್ಟ ಅಲ್ಪ.

ಕೊನೆಯದಾಗಿ ಒಂದು ಮಾತು. ನೀರಿನಲ್ಲಿ ತನ್ನ ದೇಹವನ್ನು ತೇಲಿಸಿ ನಿಲ್ಲಿಸಲು ಕಲಿಯದವನ ಕೈಗೆ ಕ್ಯಾಮರಾ ಸಲ್ಲದು. ಚಿತ್ರದ ಧ್ಯಾನದಲ್ಲಿ ಗಾಳಿಯ ಮಾಪಕವನ್ನು ಮರೆತವನಿಗೆ ಪ್ರಾಣಾಪಾಯವಿದೆ. ಅವನ ಕಾಲು ತಗುಲಿದರೆ, ಎಷ್ಟೋ ವರ್ಷಗಳಿಂದ ಬೆಳೆದ ಹವಳ ಕ್ಷಣದಲ್ಲಿ ಮುರಿಯುತ್ತದೆ. ತಪ್ಪಿಹೋದ ಚಿತ್ರವನ್ನು ನಾಳೆ ತೆಗೆಯಬಹುದು. ಈ ಎರಡು ನಷ್ಟಗಳನ್ನು ಯಾವ ಕವಚವೂ ತಡೆಯಲಾರದು.