ಟೇಬಲ್ ರೋಸ್

ಟೇಬಲ್ ರೋಸ್ ದಕ್ಷಿಣ ಅಮೆರಿಕ ಮೂಲದ, ನೆಲದ ಮೇಲೆ ಹರಡಿಕೊಂಡು ಬೆಳೆಯುವ ಅಲಂಕಾರಿಕ ಸಸ್ಯ. ಇದರ ವೈಜ್ಞಾನಿಕ ಹೆಸರು ಪೋರ್ಚುಲಕ ಗ್ರ್ಯಾಂಡಿಫ್ಲೋರ. ಪೋರ್ಚುಲಕೇಸಿ ಕುಟುಂಬಕ್ಕೆ ಸೇರಿದೆ. ಹೆಸರಿನಲ್ಲಿ ರೋಸ್ ಎಂದಿದ್ದರೂ ಇದಕ್ಕೂ ಗುಲಾಬಿಗೂ ಸಂಬಂಧವಿಲ್ಲ. ಹೊಲಗಳಲ್ಲಿ ಕಳೆಯಾಗಿ ಬೆಳೆಯುವ, ಅಡುಗೆಗೂ ಬಳಸುವ ಗೋಣಿಸೊಪ್ಪು ಇದರ ಹತ್ತಿರದ ಬಂಧು. ಬಿಸಿಲೇರಿದ ಮೇಲೆ ಅರಳುವುದರಿಂದ ಇದನ್ನು ಹತ್ತು ಗಂಟೆ ಹೂ ಎಂದೂ ಕರೆಯುತ್ತಾರೆ. ಮಲಯಾಳಂ ಮತ್ತು ವಿಯೆಟ್ನಾಮಿ ಭಾಷೆಗಳಲ್ಲಿ ಇದಕ್ಕಿರುವ ಹೆಸರುಗಳ ಅರ್ಥವೂ ಇದೇ.

ಮೂಲ

ಅರ್ಜೆಂಟೀನ, ಉರುಗ್ವೆ ಮತ್ತು ದಕ್ಷಿಣ ಬ್ರೆಜಿಲ್ ಇದರ ತವರು. ಅರ್ಜೆಂಟೀನದ ಮೆಂಡೋಜ ಪ್ರದೇಶದ ಮರಳುನೆಲದಲ್ಲಿ ಸ್ಕಾಟ್ಲೆಂಡಿನ ವೈದ್ಯ ಜಾನ್ ಗಿಲೀಸ್ ಇದನ್ನು ಕಂಡು ಸಂಗ್ರಹಿಸಿದರು. 1829ರಲ್ಲಿ ಸಸ್ಯವಿಜ್ಞಾನಿ ವಿಲಿಯಂ ಜಾಕ್ಸನ್ ಹೂಕರ್ ಇದನ್ನು ವರ್ಣಿಸಿ ಹೆಸರಿಟ್ಟರು.

ಲಕ್ಷಣಗಳು

ಗಿಡ ಸಾಮಾನ್ಯವಾಗಿ 30 ಸೆಂ.ಮೀ. ಮೀರಿ ಬೆಳೆಯುವುದಿಲ್ಲ. ಕಾಂಡ ಮೃದು, ಎಲೆಗಳು ದಪ್ಪನಾಗಿ, ಕಡ್ಡಿಯಂತೆ ದುಂಡಗಿದ್ದು ನೀರನ್ನು ಶೇಖರಿಸಿಡುತ್ತವೆ. ಸಾಮಾನ್ಯ ಹೂವಿಗೆ ಐದು ಎಸಳುಗಳು. ತೋಟದ ತಳಿಗಳಲ್ಲಿ ಹಲವು ಸುತ್ತಿನವೂ ಇವೆ. ಹೂವಿನ ಆಯುಷ್ಯ ಒಂದೇ ದಿನ. ಮೋಡ ಮುಸುಕಿದ ದಿನ ಮೊಗ್ಗುಗಳು ಪೂರ್ಣವಾಗಿ ಬಿಚ್ಚಿಕೊಳ್ಳುವುದಿಲ್ಲ. ಅರಳಿದ ಹೂವಿನ ಕೇಸರಗಳನ್ನು ಮೆಲ್ಲನೆ ಸೋಕಿದರೆ ಅವು ಸ್ಪರ್ಶವಾದ ಕಡೆಗೆ ಬಾಗುತ್ತವೆ. ಕೀಟದ ಮೈಗೆ ಪರಾಗ ಅಂಟಲು ಇದು ನೆರವಾಗುತ್ತದೆ. ಕಾಯಿ ಬಲಿತಾಗ ಡಬ್ಬಿಯ ಮುಚ್ಚಳದಂತೆ ಮೇಲ್ಭಾಗ ಕಳಚಿ ಸಣ್ಣ ಬೀಜಗಳು ಉದುರುತ್ತವೆ.

ಬಣ್ಣ ಮತ್ತು ಬರನಿರೋಧಕ ಶಕ್ತಿ

ಬಹುತೇಕ ಹೂಗಳ ಕೆಂಪು, ನೇರಳೆ ಬಣ್ಣಗಳಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಟೇಬಲ್ ರೋಸ್‌ನಲ್ಲಿ ಆ ಕೆಲಸ ಮಾಡುವುದು ಬೀಟಲೇನ್. ಬೀಟ್‌ರೂಟಿಗೂ ಬೋಗನ್‌ವಿಲ್ಲಕ್ಕೂ ಬಣ್ಣ ಕೊಡುವುದು ಇದೇ ಗುಂಪಿನ ವರ್ಣದ್ರವ್ಯ. ಇದರ ಒಂದು ಬಗೆ ಕೆಂಪು-ನೇರಳೆ, ಇನ್ನೊಂದು ಹಳದಿ. ಎರಡೂ ಸೇರಿದಾಗ ಕಿತ್ತಳೆಯ ಛಾಯೆಗಳು ಮೂಡುತ್ತವೆ. ಒಂದೇ ಜಾತಿಯಲ್ಲಿ ಇಷ್ಟು ಬಣ್ಣಗಳು ದೊರೆಯುವುದರಿಂದ ವಿಜ್ಞಾನಿಗಳಿಗೆ ಇದು ಅನುಕೂಲಕರ ಪ್ರಯೋಗಸಸ್ಯವಾಯಿತು. ಬೀಟಲೇನ್ ತಯಾರಿಕೆಯ ಮುಖ್ಯ ಕಿಣ್ವವೊಂದರ ವಂಶವಾಹಿಯನ್ನು 2004ರಲ್ಲಿ ಈ ಸಸ್ಯದಲ್ಲಿಯೇ ಗುರುತಿಸಲಾಯಿತು.

ದ್ಯುತಿಸಂಶ್ಲೇಷಣೆಯಲ್ಲಿಯೂ ಇದು ಅಪರೂಪದ ಗಿಡ. ನೀರು ಸಾಕಷ್ಟಿದ್ದಾಗ ಜೋಳ, ಕಬ್ಬುಗಳಂತೆ ಸಿ4 ವಿಧಾನವನ್ನು ಅನುಸರಿಸುತ್ತದೆ. ನೀರು ಕಡಿಮೆಯಾದಾಗ ಇಂಗಾಲದ ಡೈಆಕ್ಸೈಡನ್ನು ರಾತ್ರಿ ಆಮ್ಲರೂಪದಲ್ಲಿ ಹಿಡಿದಿಟ್ಟು ಹಗಲಿನಲ್ಲಿ ಬಳಸುವ, ಕಳ್ಳಿಗಳಲ್ಲಿ ಕಂಡುಬರುವ ವಿಧಾನವೂ ಅದೇ ಎಲೆಯಲ್ಲಿ ಚುರುಕಾಗುತ್ತದೆ. ಇವೆರಡನ್ನೂ ನಡೆಸಬಲ್ಲ ಸಸ್ಯಗಳು ಬಹಳ ಕಡಿಮೆ.

ಬೇಸಾಯ

ಬೆರಳುದ್ದದ ತುಂಡನ್ನು ಮಣ್ಣಿಗೆ ಸಿಕ್ಕಿಸಿದರೆ ಸುಲಭವಾಗಿ ಬೇರು ಬಿಡುತ್ತದೆ. ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಬೇಕು, ಆಳಕ್ಕೆ ಹಾಕಬಾರದು. ಮೊಳೆಯಲು ಬೆಳಕು ಸಹಾಯಕ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು, ನೀರು ಬಸಿದುಹೋಗುವ ಮರಳುಮಿಶ್ರಿತ ಮಣ್ಣು ಸಾಕು. ಕುಂಡದ ಗಿಡಗಳು ಸಾಯುವುದು ಹೆಚ್ಚಾಗಿ ಅಕ್ಕರೆಯಿಂದ ಎರೆದ ಅತಿಯಾದ ನೀರಿನಿಂದಲೇ: ಕಾಂಡ ಬುಡದಲ್ಲಿ ಕೊಳೆಯುತ್ತದೆ.

ಉಪಯೋಗಗಳು

ತೂಗುಕುಂಡ, ಕಲ್ಲುತೋಟ, ದಾರಿಯ ಅಂಚು ಮತ್ತು ತಾರಸಿಗಳ ಅಲಂಕಾರಕ್ಕೆ ಇದು ಸೂಕ್ತ. ಹಗಲಿನಲ್ಲಿ ಜೇನ್ನೊಣಗಳನ್ನು ಆಕರ್ಷಿಸುತ್ತದೆ. ಏಷ್ಯಾದ ಕೆಲವು ದೇಶಗಳ ಜನಪದ ವೈದ್ಯದಲ್ಲಿ ಗಂಟಲುನೋವು ಮತ್ತು ಚರ್ಮದ ತೊಂದರೆಗಳಿಗೆ ಬಳಸುವುದುಂಟು; ಇದನ್ನು ಸಾಬೀತಾದ ಚಿಕಿತ್ಸೆಯೆಂದು ಭಾವಿಸಬಾರದು.

ಗೋಣಿಸೊಪ್ಪಿನ ಬಂಧುವೆಂಬ ಕಾರಣಕ್ಕೆ ಇದನ್ನೂ ಪಲ್ಯ ಮಾಡಬಹುದೆಂದು ತಿಳಿಯುವುದು ಸರಿಯಲ್ಲ. ಗೋಣಿಸೊಪ್ಪಿನ ಎಲೆ ಚಪ್ಪಟೆ, ಹೂ ಚಿಕ್ಕದು, ಹಳದಿ. ನರ್ಸರಿಗಳಲ್ಲಿ ಇದೇ ಹೆಸರಿನಿಂದ ಮಾರಾಟವಾಗುವ, ಅಗಲ ಎಲೆಯ ಪೋರ್ಚುಲಕ ಅಂಬ್ರಾಟಿಕೋಲ ಮತ್ತೊಂದು ಜಾತಿ. ಅದರ ಕಾಯಿಯ ಸುತ್ತ ತೆಳುವಾದ ಅಂಚೊಂದು ರೆಕ್ಕೆಯಂತೆ ಚಾಚಿರುತ್ತದೆ. ಅಲಂಕಾರಕ್ಕೆಂದು ಬೆಳೆಸಿದ ಗಿಡಗಳಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆಯೂ ಇದೆ. ಈ ಕುಲದ ಸಸ್ಯಗಳಲ್ಲಿ ಆಕ್ಸಲೇಟ್ ಇರುವುದರಿಂದ ನಾಯಿ, ಬೆಕ್ಕುಗಳು ಇವನ್ನು ಹೆಚ್ಚಾಗಿ ತಿಂದರೆ ಅಪಾಯ.