ಸ್ಪೋರ್ಟ್ಸ್ ಕಾರಿನ ಟೈರಿಗೆ ಎಷ್ಟು ದುಡ್ಡು ಹಾಕಬೇಕು? ಘಾಟಿ ಇಳಿಯೋ ಮುನ್ನ ಓದಿ
ಮೂಡಿಗೆರೆ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡವರು ಸೌಂಡು, ಅಲಾಯ್, ಸ್ಟಿಕ್ಕರ್ ಅಂತ ದುಡ್ಡು ಸುರಿಯುತ್ತಾರೆ. ಟೈರ್ ಅಂದ ಕೂಡಲೇ ಚೌಕಾಸಿ ಶುರು. ಆದರೆ ಚಾರ್ಮಾಡಿ ತಿರುವಿನಲ್ಲಿ ಮಳೆ ಹಿಡಿದಾಗ ಕಾರನ್ನು ರಸ್ತೆಗೆ ಹಿಡಿದಿಡೋದು ಒಂದೊಂದು ಟೈರಿನ ಅಂಗೈಯಗಲ ರಬ್ಬರ್.

ಹಾಗಾದ್ರೆ ಎಷ್ಟು ಖರ್ಚು ಮಾಡಬೇಕು? ಮೊದಲು ಕಾರಿನ ಮ್ಯಾನುಯಲ್ ನೋಡಿ. ಅದರಲ್ಲಿರುವ ಸೈಜ್, ಲೋಡ್, ಸ್ಪೀಡ್ ಅಕ್ಷರಕ್ಕಿಂತ ಕಡಿಮೆಯದು ಬೇಡ. ‘ಎಚ್’ ಅಂದ್ರೆ ಗಂಟೆಗೆ 210 ಕಿ.ಮೀ., ‘ವಿ’ 240, ‘ಡಬ್ಲ್ಯೂ’ 270. ಅಷ್ಟು ಸ್ಪೀಡಾಗಿ ಯಾರೂ ಓಡಿಸಬಾರದು, ಆದರೆ ಆ ಟೈರು ಬಿಸಿ ತಡೆಯುತ್ತದೆ.

ಅದಕ್ಕೂ ಮೇಲಿನ ದುಬಾರಿ ಟೈರು ಎಲ್ಲರಿಗೂ ಬೇಕಿಲ್ಲ. ರೇಸ್ ಟ್ರ್ಯಾಕಿಗೆಂದೇ ಮಾಡಿದ ಮೆತ್ತನೆ ರಬ್ಬರ್ ಬೇಗ ಸವೆಯುತ್ತೆ, ನೀರು ನಿಂತ ಕಡೆ ಜಾರುತ್ತೆ. ಮಲೆನಾಡಿನ ಮಳೆಗೆ ಆಳವಾದ ಗ್ರೂವ್ ಇರೋ ರಸ್ತೆ ಟೈರೇ ಸರಿ.

ದುಡ್ಡು ಉಳಿಸಬೇಕಾ? ದೊಡ್ಡ ರಿಮ್ ಹಾಕಿಸೋ ಆಸೆ ಬಿಡಿ. ಇಂಚು ಏರಿದಂತೆ ಟೈರಿನ ರೇಟೂ ಏರುತ್ತೆ. ನಾಲ್ಕೂ ಒಂದೇ ಸೈಜ್ ಇದ್ದು ಎರಡನ್ನೇ ಬದಲಿಸೋದಾದರೆ ಹೊಸವು ಹಿಂದಕ್ಕೆ ಹೋಗಲಿ. ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತೆ.

ಹಳೇ ಟೈರು ಅಗ್ಗಕ್ಕೆ ಸಿಕ್ಕರೆ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ. 2319 ಅಂದ್ರೆ 2019ರ 23ನೇ ವಾರ ತಯಾರಾದದ್ದು. ಗ್ರೂವ್ 1.6 ಮಿ.ಮೀ.ಗಿಂತ ಕಡಿಮೆಯಾದರೆ ಕಾನೂನೇ ಒಪ್ಪಲ್ಲ. ಮಳೆಗಾಲಕ್ಕೆ 3 ಮಿ.ಮೀ. ಇರುವಾಗಲೇ ಬದಲಿಸೋದು ಒಳ್ಳೇದು.

ಲೆಕ್ಕ ಇಷ್ಟೇ: ಕಂಪನಿ ಹೇಳಿದ ಟೈರಿಗೆ ಹಣ ಹೊಂದಿಸಿ, ಸೌಂಡು ಆಮೇಲೆ ನೋಡಿಕೊಳ್ಳಿ.